ಅಳತೆಗೆ ಬಂದ ಬಾಡಿ

ರವಿಕೆಯ ಒಳಗೆ ತೊಡುವ ಹಳೆಯ ಕಾಲದ ಬಾಡಿಯೊಂದು ಟೈಲರ್ ಜುಬೇದಾಳ ಮೇಜಿನ ಮೇಲೆ, ಕತ್ತರಿಯ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ತೊಡುತ್ತಿದ್ದ ಅಜ್ಜಿ ತೀರಿಕೊಂಡಿದ್ದಳು.

"ಕತ್ತರಿಯಣ್ಣ, ಚಿಂದಿ ಮಾಡುವುದಾದರೆ ಬೇಗ ಮಾಡು," ಎಂದಿತು ಬಾಡಿ.

"ಅವಸರವೇಕೆ, ಮುದುಕಿ? ನಿನ್ನನ್ನು ತುಂಡು ಮಾಡಿದರೆ ಮಿಷಿನ್ನಿನ ಎಣ್ಣೆ ಒರೆಸಲು ಬಂದೀತು," ಎಂದು ಕತ್ತರಿ ನಕ್ಕಿತು.

ಅಷ್ಟರಲ್ಲಿ ಮೇಜಿನ ಎದುರು ನಿಂತಿದ್ದ ಅಜ್ಜಿಯ ಮೊಮ್ಮಗಳು ವಾರಿಜೆ ಹೇಳಿದಳು: "ಜುಬೇದಕ್ಕ, ಈ ಸುತ್ತು ಹೊಲಿಗೆಯ ಬಾಡಿಯೇ ಈಗ ಮತ್ತೆ ಫ್ಯಾಷನ್ನು. ಅಂಗಡಿಯವು ನನಗೆ ಕೂರುವುದೇ ಇಲ್ಲ. ಅಜ್ಜಿಯದು ಕೂರುತ್ತೆ. ಇದು ಅಳತೆಗೆ, ಇಂಥದ್ದೇ ಹೊಸದೊಂದು ಹೊಲಿದುಕೊಡಿ."

"ಅಳತೆಗೆ ಕೊಟ್ಟಿದ್ದಕ್ಕೆ ನಾನು ಕತ್ತರಿ ತಾಗಿಸಲ್ಲಮ್ಮ," ಎಂದ ಜುಬೇದಾ ಅದನ್ನು ಹೊಸ ಬಿಳಿ ಬಟ್ಟೆಯ ಮೇಲೆ ಹರಡಿ, ಸುತ್ತಲೂ ನೀಲಿ ಚಾಕಿನಿಂದ ಗೆರೆ ಎಳೆದಳು.

ಕತ್ತರಿ ಗೆರೆಯ ಮೇಲೆ ಬಾಯಿ ತೆರೆಯಿತು.

"ತುಸು ನಿಲ್ಲು," ಎಂದಿತು ಬಾಡಿ. "ಎಡ ಕಂಕುಳ ಹತ್ತಿರ ಒಂದಿಷ್ಟು ಹೊರಗೆ ಕತ್ತರಿಸು. ಅಲ್ಲಿ ಅಜ್ಜಿಗೆ ಒತ್ತುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ."

ಕತ್ತರಿ ಅಲ್ಲಿ ಗೆರೆ ಬಿಟ್ಟು ಒಂದಿಷ್ಟು ಹೊರಗೆ ನಡೆಯಿತು.