ಅಪ್ಪಣೆ ಕೇಳದ ಹಚ್ಚೆ

ಕೆಂಚಿ ಎಂಬ ಮೇಕೆಗೆ ಕರುಗಳನ್ನು ನೋಡಿಕೊಳ್ಳುವುದೆಂದರೆ ಪ್ರಾಣ. ಅವಳು ಇಷ್ಟಪಟ್ಟು ಮುಳ್ಳುಹಂದಿಯ ಕೈಯಲ್ಲಿ ಕೆನ್ನೆಗೆ ಹೂವಿನ ಹಚ್ಚೆ ಹಾಕಿಸಿಕೊಂಡು, ಕಿವಿ ಚುಚ್ಚಿಸಿ ಹಿತ್ತಾಳೆಯ ಉಂಗುರ ತೊಟ್ಟಿದ್ದಳು. ಕೆಲಸ ಕೇಳಿಕೊಂಡು ಹೋದರೆ, ಅದನ್ನು ಕಂಡವರೆಲ್ಲ ಇಲ್ಲವೆಂದು ಬಾಗಿಲಿನಿಂದಲೇ ಸಾಗಹಾಕಿದರು. ಹೊಟ್ಟೆಗಿಲ್ಲದೆ ಕೊನೆಗೆ ದೊಡ್ಡ ಕೊಟ್ಟಿಗೆಯೊಂದಕ್ಕೆ ಬಂದಳು. ಅಲ್ಲಿ ಮಾಲಿಂಗನೆಂಬ ಮುದಿ ಎತ್ತಿನದೇ ಯಜಮಾನಿಕೆ.

ಅವಳು ಒಳಗೆ ಕಾಲಿಟ್ಟದ್ದೇ ತಡ, ಬೆಳಗಿನಿಂದ ಅರಚುತ್ತಿದ್ದ ಕರುಗಳು ಅವಳ ಮೈಗೆ ಒರಗಿ ಸುಮ್ಮನಾದವು.

“ನಿನ್ನ ಕೆಲಸಕ್ಕೆ ಹೆಸರಿಡುವಂತಿಲ್ಲ,” ಎಂದ ಮಾಲಿಂಗ. “ಆದರೆ ಇದು ಮರ್ಯಾದಸ್ಥರ ಕೊಟ್ಟಿಗೆ. ಉಂಗುರ ಕಿತ್ತುಹಾಕಿ, ಕೆನ್ನೆಗೆ ಸಗಣಿ ಬಳಿದುಕೊಂಡು ಬಾ. ಆಮೇಲೆ ನೋಡೋಣ.”

ಕೆಂಚಿಗೆ ಮೈಯೆಲ್ಲ ಉರಿದುಹೋಯಿತು. “ನಿಮ್ಮ ತೊಡೆಯ ಮೇಲೂ ಬರೆಯಿದೆಯಲ್ಲ ಮಾಲಿಂಗಣ್ಣ? ಮೂಗನ್ನೂ ಚುಚ್ಚಿದ್ದಾರಲ್ಲ?”

“ಅದು ಧಣಿ ಮಾಡಿಸಿದ್ದು!” ಎಂದು ಮಾಲಿಂಗ ಎದೆಯುಬ್ಬಿಸಿದ. “ನಿನ್ನ ಹಾಗೆ ನನ್ನಿಷ್ಟಕ್ಕೆ ನಾನು ಮಾಡಿಸಿಕೊಂಡದ್ದಲ್ಲ.”

“ಹಾಗಾದರೆ ನನ್ನ ತಪ್ಪು ಚುಚ್ಚಿಸಿಕೊಂಡದ್ದಲ್ಲ. ಯಾರ ಅಪ್ಪಣೆಯನ್ನೂ ಕೇಳಲಿಲ್ಲವಲ್ಲ, ಅದನ್ನು ನಿಮ್ಮಿಂದ ತಡೆದುಕೊಳ್ಳಲಾಗುತ್ತಿಲ್ಲ!”

“ನಡೆಯಾಚೆ!” ಎಂದು ಗುಡುಗಿ ಮಾಲಿಂಗ ಅವಳ ಮೇಲೆ ನುಗ್ಗಿದ. ಗೂಟಕ್ಕೆ ಬಿಗಿದಿದ್ದ ಮೂಗುದಾರ ಜಗ್ಗಿ ಅವನನ್ನು ಮೊಣಕಾಲ ಮೇಲೆ ಕೆಡವಿತು. ನೋವಿಗೆ ಅವನ ಕಣ್ಣಲ್ಲಿ ನೀರು ಬಂತು.

ಕೆಂಚಿಗೆ ನಗು ಬರಲಿಲ್ಲ, ಸಿಟ್ಟೂ ಇಳಿಯಲಿಲ್ಲ. ಹಸಿದ ಹೊಟ್ಟೆಯಲ್ಲೇ ಹೊರಬಿದ್ದಳು. ಇನ್ನೂ ಮೂಗುದಾರ ಕಾಣದ ಕರುಗಳು ಬೇಲಿಯವರೆಗೂ ಅವಳ ಬೆನ್ನುಹತ್ತಿ ಓಡಿದವು.