ಪಂಕಜತ್ತೆಯ ಸೊಟ್ಟ ಗೋಡೆ

ಇದನ್ನ ಯಾರಿಗೂ ಹೇಳಬೇಡ ಅಂತ ಪಂಕಜತ್ತೆ ನನ್ನ ಹತ್ರ ಮಾತು ತಗೊಂಡಿದ್ರು. ಆದ್ರೂ ಹೇಳ್ತೀನಿ.

ಅತ್ತೆ ತುಮಕೂರಿನ ಒಂದು ಲೇಔಟಲ್ಲಿ ಮನೆ ತಗೊಂಡ್ರು. ಇರೋದು ಒಬ್ಬರೇ. ಭಾನುವಾರ ಮಾತಾಡ್ಸೋಕೆ ಯಾರೂ ಇಲ್ಲ. ಅದಕ್ಕೇ ಬಿದ್ದುಹೋಗಿದ್ದ ಕಾಂಪೌಂಡ್ ಗೋಡೆನ ತಾವೇ ಕಟ್ಟೋಕೆ ಶುರುಮಾಡಿದ್ರು. ನಾಲ್ಕು ಭಾನುವಾರಕ್ಕೆ ಕೈತುಂಬಾ ಬೊಬ್ಬೆ ಬಂತು, ಗೋಡೆನೂ ಎದ್ದು ನಿಂತಿತು. ಸ್ವಲ್ಪ ಸೊಟ್ಟಗೆ.

ಪಕ್ಕದ್ಮನೆ ಚನ್ನವೀರಪ್ಪನೋರು ರಿಟೈರ್ಡ್ ಎಂಜಿನಿಯರು, ಲೇಔಟ್ ಸಂಘದ ಅಧ್ಯಕ್ಷರು. ಅವತ್ತೇ ಮೊದಲ ಸಲ ಅವರು ಅತ್ತೆ ಗೇಟಿಗೆ ಬಂದಿದ್ದು. ಅತ್ತೆ ಖುಷಿಯಿಂದ ಕಾಫಿಗೆ ಇಟ್ಟು ಬಂದ್ರು.

"ಕಾಫಿ ಬೇಡಮ್ಮ. ನಿಮ್ಮ ಗೋಡೆ ಒಂದು ಗೇಣು ಬೀದಿಗೆ ಬಂದಿದೆ. ಲೇಔಟಲ್ಲಿ ಸೊಟ್ಟ ಗೋಡೆ ಯಾರದ್ದೇ ಇರಲಿ, ಒಡೀಲೇಬೇಕು."

"ಹಂಗಂತ ಬರೆದ್ಕೊಡಿ ಸಾರ್."

ಅವರು ಅಲ್ಲೇ ಬರೆದು, ದೊಡ್ಡದಾಗಿ ಸೈನ್ ಹಾಕಿದ್ರು.

ಅತ್ತೆ ಚೀಟಿ ಮಡಚಿಟ್ಕೊಂಡು, ಒಂದು ದಾರದ ತುದಿನ ಅವರ ಕೈಗೆ ಕೊಟ್ರು. "ನನಗೆ ಗಾರೆ ಕೆಲಸ ಗೊತ್ತಿಲ್ಲ ಸಾರ್. ಎಂಜಿನಿಯರ್ ಗೋಡೆ ನೇರ ಇರುತ್ತೆ ಅಂತ ನಿಮ್ಮ ಗೋಡೆಯಿಂದಲೇ ದಾರ ಎಳೆದು ಕಟ್ಟಿದೆ. ನೀವೇ ನೋಡಿ."

ಅವರು ಎಳೆದು ನೋಡಿದ್ರು. ದಾರ ಎರಡು ಗೋಡೆಗೂ ಅಂಟ್ಕೊಂಡಂಗೆ ನಿಂತಿತು, ಎರಡೂ ಒಂದೇ ಸಮ ಬೀದಿ ಕಡೆಗೆ ಸೊಟ್ಟ.

"ಮೊದಲು ಯಾರದ್ದು ಒಡೆಯೋಣ ಸಾರ್?"

ಚನ್ನವೀರಪ್ಪನೋರು ಕೆಮ್ಮಿದ್ರು. "ಆ ಚೀಟಿ ಕೊಡಮ್ಮ."

ಕೊಟ್ರು. ಅವರು ಹರಿದು ಜೇಬಿಗೆ ಹಾಕ್ಕೊಂಡು ಹೋದ್ರು. ಕಾಫಿ ಒಲೆ ಮೇಲೆ ಉಕ್ಕಿಹೋಗಿತ್ತು.

ಗೋಡೆ ಉಳೀತು. ಮುಂದಿನ ಭಾನುವಾರ ಅತ್ತೆ ಕೇಸರಿಬಾತ್ ಮಾಡಿ ಡಬ್ಬಿಗೆ ಹಾಕ್ಕೊಂಡು ಹೋಗಿ ಪಕ್ಕದ್ಮನೆ ಬೆಲ್ ಒತ್ತಿದ್ರು. ಒಳಗೆ ಟೀವಿ ಓಡ್ತಿತ್ತು. ಆಮೇಲೆ ಅದೂ ನಿಂತಿತು. ಡಬ್ಬಿ ಆರೋವರೆಗೂ ಕಾದ್ರು. ಬಾಗಿಲು ಯಾರೂ ತೆಗೀಲಿಲ್ಲ.