ದರ್ಜಿಯ ಮೊಣಕಾಲು

“ನನ್ನ ತಪ್ಪು ಎಲ್ಲಿದೆ, ತೋರಿಸಿ ಸರ್” ಎಂದು ಮೇಘಶ್ರೀ ಕೇಳಿದಳು.

ಅವಳು ವೈದ್ಯಕೀಯದ ಕೊನೆಯ ವರ್ಷದ ವಿದ್ಯಾರ್ಥಿನಿ. ರಕ್ತದ ಕಾಯಿಲೆಗಳ ವಿಭಾಗದ ಹಿರಿಯರಾದ ಇನಾಂದಾರ್ ಮಾಸ್ತರರು ಒಬ್ಬೊಬ್ಬ ರೋಗಿಯನ್ನು ಮೂವರು ವಿದ್ಯಾರ್ಥಿಗಳಿಗೆ ಒಪ್ಪಿಸುತ್ತಿದ್ದರು. ವೈದ್ಯಕೀಯದವರು ಒಬ್ಬರು, ನರ್ಸಿಂಗಿನವರು ಒಬ್ಬರು, ಫಿಸಿಯೋಥೆರಪಿಯವರು ಒಬ್ಬರು. ಅಂಕ ಮಾತ್ರ ಮೂವರಿಗೂ ಒಂದೇ. ಈ ಸಲ ಮೇಘಶ್ರೀಯ ತಂಡವನ್ನು ಫೇಲು ಮಾಡಿದ್ದರು.

“ಔಷಧಿ ಸರಿಯಾಗಿ ಬರೆದಿದ್ದೇನೆ. ಪ್ರಮಾಣವೂ ಸರಿ ಇದೆ. ಉಳಿದವರು ಏನು ಮಾಡಿದರೋ ನನಗೆ ಗೊತ್ತಿಲ್ಲ. ಅವರ ಜೊತೆ ನನ್ನನ್ನೂ ಏಕೆ ಮುಳುಗಿಸಿದಿರಿ?”

ಮಾಸ್ತರರಿಗೆ ಸಿಟ್ಟು ಬೇಗ ಬರುತ್ತಿತ್ತು. ಸಿಟ್ಟು ಬಂದಾಗ ಅವರು ಬೈಯುತ್ತಿರಲಿಲ್ಲ, ಕತೆ ಹೇಳುತ್ತಿದ್ದರು. ವಿದ್ಯಾರ್ಥಿಗಳು ಬೈಗುಳಕ್ಕಿಂತ ಕತೆಗೇ ಹೆಚ್ಚು ಹೆದರುತ್ತಿದ್ದರು. “ಕೂತುಕೋ” ಎಂದು ಅವರು ಶುರುಮಾಡಿದರು.

ಒಬ್ಬ ದರ್ಜಿ ಇದ್ದ. ಹುಟ್ಟಿನಿಂದಲೇ ಅವನ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿರಲಿಲ್ಲ. ಬೇರೆಯವರು ಎಡವಿದರೆ ಒಂದು ಗಳಿಗೆಯ ನೋವು. ಅವನು ಎಡವಿದರೆ ಮೊಣಕಾಲಿನ ಒಳಗೇ ರಕ್ತ ತುಂಬುತ್ತಿತ್ತು. ಒಮ್ಮೆ ಹಾಗೆ ತುಂಬಿ ಊದಿದ ಕಾಲು ಅರ್ಧ ಮಡಿಸಿದಂತೆಯೇ ನಿಂತುಬಿಟ್ಟಿತು. ಅವನು ಆಸ್ಪತ್ರೆ ಸೇರಿದ.

ಅಲ್ಲಿ ಅವನಿಗೆ ಸಿಕ್ಕವರೆಲ್ಲ ಒಳ್ಳೆಯವರೇ. ಇದನ್ನು ಮಾತ್ರ ಮರೆಯಬೇಡ. ವೈದ್ಯ ರಕ್ತ ಹೆಪ್ಪುಗಟ್ಟಿಸುವ ಚುಚ್ಚುಮದ್ದನ್ನು ಸರಿಯಾದ ಪ್ರಮಾಣದಲ್ಲಿ ಬರೆದ. ನರ್ಸು ಅದನ್ನು ದಿನವೂ ಸೂರ್ಯ ಹುಟ್ಟುವ ಹೊತ್ತಿಗೆ ಕೊಟ್ಟಳು, ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನಕ್ಕೆ ಅವಳ ಪಾಳಿ ಮುಗಿಯುತ್ತಿತ್ತು. ರಕ್ತ ನಿಂತಿತು, ಊತ ಇಳಿಯಿತು. ವ್ಯಾಯಾಮ ಮಾಡಿಸುವವನು ತನ್ನ ಹೊರರೋಗಿಗಳನ್ನೆಲ್ಲ ಮುಗಿಸಿ ಸಂಜೆ ಬಂದ. ಕಾಲನ್ನು ಮೆಲ್ಲಗೆ ಚಾಚಿಸಿದ.

ಮರುದಿನ ಕಾಲು ಮತ್ತೆ ಊದಿತ್ತು.

ವೈದ್ಯ ನೋಡಿದ. ಕಾಲಿಗೆ ವಿಶ್ರಾಂತಿ ಸಾಲದು ಎಂದು ಪಟ್ಟಿ ಕಟ್ಟಿಸಿದ. ಊತ ಇಳಿಯಿತು, ಆದರೆ ಕಾಲು ಬಿಗಿಯಿತು. ವ್ಯಾಯಾಮದವನು ನೋಡಿದ. ವ್ಯಾಯಾಮ ಸಾಲದು ಎಂದು ಪಟ್ಟಿ ಬಿಚ್ಚಿ ಇನ್ನಷ್ಟು ಚಾಚಿಸಿದ. ಕಾಲು ಇನ್ನಷ್ಟು ಊದಿತು. ವೈದ್ಯ ಇನ್ನೂ ಗಟ್ಟಿಯಾಗಿ ಕಟ್ಟಿಸಿದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗಾಯಿತು. ಒಬ್ಬರ ಕೆಲಸದ ಫಲವನ್ನು ಇನ್ನೊಬ್ಬರು ಕಂಡರೇ ಹೊರತು ಒಬ್ಬರನ್ನೊಬ್ಬರು ಕಾಣಲಿಲ್ಲ.

ಕೊನೆಗೆ ವೈದ್ಯ ಕೈಚೆಲ್ಲಿದ. “ಈ ಕಾಲು ಇನ್ನ ಇಷ್ಟ ನೋಡು. ಹೊಲಿಗಿ ಮಷೀನಿಗೆ ಒಂದು ಮೋಟಾರ್ ಕುಂದ್ರಿಸಿಕೋ” ಎಂದ.

“ಮೋಟಾರ್ ಕುಂದ್ರಿಸಿದ್ರ ಮಷೀನ್ ಓಡತದ ಸಾಹೇಬ್ರ” ಎಂದ ದರ್ಜಿ. “ನಾ ಹೆಂಗ ಅಡ್ಡಾಡ್ಲಿ?”

ವೈದ್ಯನಿಗೆ ಆ ಮಾತು ನಾಟಿತು. ನಾಟಿದ ಉರಿಯನ್ನು ಬೇರೆಯವರ ಮೇಲೆ ಹಾಕಬೇಕಲ್ಲ! ನರ್ಸು ಅಲ್ಲೇ ಇದ್ದಳು. ವ್ಯಾಯಾಮದವನನ್ನೂ ಮಂಚದ ಬಳಿಗೆ ಕರೆಸಿದ.

“ನೀ ಜಗ್ಗಿ ಜಗ್ಗಿ ಈ ಕಾಲು ಕೆಡಿಸಿದಿ” ಎಂದು ರೇಗಿದ.

“ನೀವ ಕಟ್ಟಿ ಇಟ್ಟು ಕೆಡಿಸಿದ್ರಿ” ಎಂದ ವ್ಯಾಯಾಮದವನು. “ನಾ ದಿನಾ ಸಂಜೀಕ ಬಂದು ಎಷ್ಟ್ ಹಗೂರಕ ಮಾಡಸ್ತೀನಿ, ಈ ದರ್ಜಿಯವರನ್ನ ಕೇಳ್ರಿ.”

“ಸಂಜೀಕ?” ಎಂದಳು ನರ್ಸು. “ನಾ ಇಂಜೆಕ್ಷನ್ ಕೊಡೂದು ಹೊತ್ತು ಹುಟ್ಟೂ ಮುಂದ!”

ಜಗಳ ಅಲ್ಲಿಗೇ ನಿಂತಿತು. ಬೆಳಿಗ್ಗೆ ಕೊಟ್ಟ ಮದ್ದಿನ ಬಲ ಸಂಜೆಯ ಹೊತ್ತಿಗೆ ಇಳಿದಿರುತ್ತದೆ. ಇದು ಮೂವರಿಗೂ ಗೊತ್ತಿತ್ತು, ಮೂವರ ಪುಸ್ತಕದಲ್ಲೂ ಇತ್ತು. ಆದರೆ ಮದ್ದು ಯಾವಾಗ ಎಂದು ಅವನು ಕೇಳಿರಲಿಲ್ಲ, ವ್ಯಾಯಾಮ ಯಾವಾಗ ಎಂದು ಇವಳು ಕೇಳಿರಲಿಲ್ಲ, ಎರಡನ್ನೂ ವೈದ್ಯ ಕೇಳಿರಲಿಲ್ಲ. ದರ್ಜಿಯ ವಿಷಯದಲ್ಲಿ ಆ ಮೂವರೂ ಒಟ್ಟಿಗೆ ಆಡಿದ ಮೊದಲ ಮಾತು ಆ ಜಗಳವೇ. ಪುಣ್ಯಕ್ಕೆ ಜಗಳವಾಡಿದರು.

ಆಮೇಲೆ ಊತ ಪೂರ್ತಿ ಇಳಿಯುವವರೆಗೆ ಮೂವರೂ ಕಾದರು. ನರ್ಸು ಮದ್ದು ಕೊಡುವಾಗ ವ್ಯಾಯಾಮದವನು ಮಂಚದ ಪಕ್ಕದಲ್ಲೇ ನಿಂತಿರುತ್ತಿದ್ದ. ಹೊರರೋಗಿಗಳು ಸ್ವಲ್ಪ ಕಾಯಲಿ ಎಂದ. ಮದ್ದು ರಕ್ತಕ್ಕೆ ಸೇರಿದ ಕೂಡಲೇ ಕಾಲು ಚಾಚಿಸುತ್ತಿದ್ದ. ಎಷ್ಟು ಚಾಚಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮೂವರೂ ಸೇರಿ ಮಾತಾಡುತ್ತಿದ್ದರು, ದರ್ಜಿಯನ್ನೂ ಕೇಳುತ್ತಿದ್ದರು. ಮೊದಲ ದಿನ ಕಳೆಯಿತು. ಮರುದಿನ ವೈದ್ಯ ಹೆದರುತ್ತಲೇ ಹೊದಿಕೆ ಸರಿಸಿದ. ಕಾಲು ಊದಿರಲಿಲ್ಲ. ಅದರ ಮರುದಿನವೂ ಊದಲಿಲ್ಲ.

ಹೀಗೇ ನಡೆದು, ಒಂದು ಬೆಳಿಗ್ಗೆ ದರ್ಜಿಯ ಮನೆಯವರು ಅವನ ಹೊಲಿಗೆ ಯಂತ್ರವನ್ನು ವಾರ್ಡಿಗೇ ಹೊತ್ತು ತಂದರು. ಹಾಗೆಲ್ಲ ತರುವಂತಿಲ್ಲ. ನರ್ಸು ತಾನೇ ಬಾಗಿಲು ತೆರೆದು ಹಿಡಿದಳು. ದರ್ಜಿ ಮಂಚದಿಂದ ಇಳಿದ. ಯಾರ ಕೈಯನ್ನೂ ಹಿಡಿಯದೆ ನಡೆದ. ಯಂತ್ರದ ಮುಂದೆ ಕುಳಿತು ಪೆಡಲಿನ ಮೇಲೆ ಕಾಲಿಟ್ಟ. ವ್ಯಾಯಾಮದವನು ಅವನ ಮೊಣಕಾಲನ್ನೇ ನೋಡುತ್ತಿದ್ದ. ಚಕ್ರ ತಿರುಗಿತು. ಮಂಚಗಳ ನಡುವಿನ ಹರಿದ ಪರದೆಯನ್ನು ದರ್ಜಿ ಈ ತುದಿಯಿಂದ ಆ ತುದಿಯವರೆಗೆ ಹೊಲಿದು ಮುಗಿಸಿದ. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು.

“ಇನ್ನ ಯಾರದರೆ ಅಂಗಿ ಹರದದೇನ್ರಿ? ತರ‍್ರಿ ಇಲ್ಲೆ!” ಎಂದು ಅವನು ಕೂಗಿದ.

ವೈದ್ಯ ಹಿಗ್ಗಿ ಸಿಕ್ಕಸಿಕ್ಕವರ ಕೈ ಕುಲುಕಿದ, ಬೇರೆ ರೋಗಿಗಳನ್ನು ನೋಡಲು ಬಂದವರನ್ನೂ ಬಿಡಲಿಲ್ಲ. ವ್ಯಾಯಾಮದವನು ಮತ್ತು ನರ್ಸು ನಗುತ್ತ ಅಳುತ್ತಿದ್ದರು. ನಾನು ಈ ಕೆಲಸದಲ್ಲಿ ಕೂದಲು ನೆರೆಸಿಕೊಂಡಿದ್ದೇನೆ. ಅಂಥ ಗೆಲುವನ್ನು ಕಂಡದ್ದು ಕಡಿಮೆ.

ಇಷ್ಟು ಹೇಳಿ ಮಾಸ್ತರರು ನಿಲ್ಲಿಸಿದರು. ಅವರ ಸಿಟ್ಟು ಇಳಿದುಹೋಗಿತ್ತು. ಮೇಘಶ್ರೀಯ ಮುಖವೂ ಅರಳಿತ್ತು. ಆದರೂ ಅವಳು ಪಟ್ಟು ಬಿಡಲಿಲ್ಲ.

“ಕೊನೆಗೆ ಗೆದ್ದರು, ಸರಿ ಸರ್. ಆದರೆ ಮೊದಲು ಕಾಲು ಕೆಟ್ಟಿತಲ್ಲ, ಆಗ ತಪ್ಪು ಯಾರದಾಗಿತ್ತು?”

“ತಪ್ಪು ಯಾರದೂ ಅಲ್ಲ ತಾಯಿ, ಕಾಲು ಮಾತ್ರ ದರ್ಜಿಯದು.”